ಕರಗ್ರಹಣ

‘ಕರ’ವೆಂದರೆ ಕೈಯೂ ಹೌದು, ಕಂದಾಯವೂ ಹೌದು ಎಂಬುದನ್ನು ಬಾಲ್ಯದಲ್ಲಿ ಬೆತ್ತದ ಭಯದಿಂದ ಅಮರಕೋಶದ ಜೊತೆಗೇ ಉರುಹೊಡೆದಿದ್ದ ನನಗೆ, ಆ ಶ್ಲೇಷೆಯ ಪೂರ್ಣಾರ್ಥ ಹೊಳೆದದ್ದು, ದಂಡು ಪ್ರದೇಶದ ಟಾಕೀಸೊಂದರಲ್ಲಿ, ತಿಗಣೆಗಳ ಸಹವಾಸದಲ್ಲಿ ಕುಳಿತು, ಎಂ.ಜಿ.ಎಂ. ಕಂಪನಿಯವರ 1968ರ ‘ಸ್ಪೀಡ್‌ವೇ’ ಎಂಬ ಚಿತ್ರವನ್ನು ನೋಡಿದಂದು.

ಕಥಾನಾಯಕ ಎಲ್ವಿಸ್ ಪ್ರೀಸ್ಲಿ. ಪಾತ್ರದ ಹೆಸರು ಸ್ಟೀವ್ ಗ್ರೇಸನ್. ವೃತ್ತಿ, ಮೋಟಾರು ಪಂದ್ಯದಲ್ಲಿ ಕಾರು ಓಡಿಸುವುದು. ಚಿತ್ರದ ಪಂದ್ಯಗಳು ನಡೆಯುವ ಉತ್ತರ ಕ್ಯಾರೊಲಿನಾದ ಷಾರ್ಲಟ್ಟಿನ ಪಥ ಒಂದೂವರೆ ಮೈಲಿಯದು. ಅಲ್ಲಿನ ದೊಡ್ಡ ಪಂದ್ಯವೆಂದರೆ ಅದನ್ನು 400 ಸಲ ಸುತ್ತಿ, 600 ಮೈಲಿ ಕ್ರಮಿಸಿ, ಹೊರಟಲ್ಲಿಗೇ ಬಂದು ನಿಲ್ಲುವುದು. ಅದೂ ಸದಾ ಎಡಕ್ಕೇ ತಿರುಗುತ್ತ, ಅಪ್ರದಕ್ಷಿಣವಾಗಿ! ನಮ್ಮಜ್ಜಿ ಕಂಡಿದ್ದರೆ ಈ ಹುಡುಗರಿಗೆ ಪ್ರಾಯಶ್ಚಿತ್ತವೇನೆಂದು ಕೇಳಿಬರಲು ಶಾಸ್ತ್ರಿಗಳ ಮನೆಗೆ ಆಳನ್ನಟ್ಟುತ್ತಿದ್ದರು.

ಸ್ಟೀವನೋ ಕೊಡುಗೈ ದೊರೆ. ಅವನ ಹಣಕಾಸು ನೋಡಿಕೊಳ್ಳುವ ಗೆಳೆಯನದು ಜೂಜಿನ ಕೈ. ಹೀಗೆ ಒಂದು ಕೈ ಗಳಿಸಿದ್ದು ಎರಡು ಕೈಗಳಿಂದ ಸೋರಿಹೋಗಿ, ಸರ್ಕಾರಕ್ಕೆ 1,45,000 ಡಾಲರು ತೆರಿಗೆ ಬಾಕಿ ನಿಂತಿರಲು, ವಿಶ್ವಾಮಿತ್ರನೆಡೆಗೆ ಇಂದ್ರನು ಮೇನಕೆಯನ್ನು ಕಳುಹಿದಂತೆ, ಅಮೆರಿಕೆಯ ತೆರಿಗೆ ಇಲಾಖೆಯು ನ್ಯಾನ್ಸಿ ಸಿನಾತ್ರಾಳನ್ನು ಅಧಿಕಾರಿಣಿಯನ್ನಾಗಿ ಮಾಡಿ ಕಳುಹಿಸುತ್ತದೆ. ಇಂತಹ ವಸೂಲಿಗೆ ಯಾವ ಗಂಡು ಬಾಕಿ ಉಳಿಸಿಕೊಳ್ಳನು! ಮುಂದಿನ ಕಥೆಯನ್ನು ಹೇಳಬೇಕಾದ್ದಿಲ್ಲ. ಹಾಡಿದರು, ಕುಣಿದರು, ಕಾರಿನ ಆಕಾರದ ಆಸನಗಳುಳ್ಳ ವಿಹಾರಗೃಹದಲ್ಲಿ ಕುಳಿತು ಉಂಡರು. ದಿನವಿಡೀ ಕಾರಿನಲ್ಲಿ ಕುಳಿತವರು ಊಟಕ್ಕೂ ಕಾರಿನಲ್ಲೇ ಏಕೆ ಕೂರಬೇಕೆಂಬುದು ಮಾತ್ರ ನನಗಿನ್ನೂ ಬಗೆಹರಿದಿಲ್ಲ.

ತೆರಿಗೆಯ ಕಚೇರಿಯಲ್ಲಿಯೂ ಒಂದು ಹಾಡುಂಟು. ಆ ದೇಶದವರು ತಮ್ಮ ಸರ್ಕಾರವನ್ನು ‘ಅಂಕಲ್ ಸ್ಯಾಮ್’ ಎಂದು ಕರೆಯುವುದರಿಂದ ನೆಂಟಸ್ತಿಕೆಯ ಪ್ರಸ್ತಾಪವೂ ಅದರಲ್ಲಿ ಬರುತ್ತದೆ. ನಮ್ಮಲ್ಲಿ ಸೋದರಮಾವನು ಮದುವಣಗಿತ್ತಿಯನ್ನು ಎತ್ತಿಕೊಂಡು ಮಂಟಪಕ್ಕೆ ತರುವವನು. ಆ ಮಾವನಾದರೋ ಕೇಳುವುದಷ್ಟನ್ನೇ ಬಲ್ಲವನು. ಆದರೂ ಆತನ ಪರವಾಗಿ ಕರವನ್ನು ಕೇಳಬಂದ ಹುಡುಗಿಯು ಕಡೆಗೆ ತನ್ನ ಕರವನ್ನೇ ನೀಡುವಳಲ್ಲ, ಅಲ್ಲಿ ನಾನು ಕುರ್ಚಿಯಿಂದ ಅರ್ಧ ಎದ್ದು, “ಭಲೆ, ಕರಗ್ರಹಣ!” ಎಂದುಬಿಟ್ಟೆನು. ಹಿಂದಿನ ಸಾಲಿನವರು “ಕೂತ್ಕೊಳ್ಳಿ ಸ್ವಾಮಿ” ಎಂದರು.

ಮರುವಾರವೇ ನನಗೂ ಕಚೇರಿಯೊಂದರಿಂದ ಕಂದುಬಣ್ಣದ ಲಕೋಟೆ ಬಂದಿತು. ರಸೀದಿಗಳನ್ನಿಟ್ಟಿದ್ದ ಬಿಸ್ಕತ್ತಿನ ಡಬ್ಬವನ್ನು ಕಂಕುಳಲ್ಲಿರಿಸಿಕೊಂಡು, ಒಗೆದ ಪಂಚೆಯುಟ್ಟು, ವಯಸ್ಸಿಗೆ ತಕ್ಕುದಲ್ಲದ ಒಂದು ಕುತೂಹಲದಿಂದಲೇ ಹೋದೆನೆಂದು ಒಪ್ಪಿಕೊಳ್ಳುತ್ತೇನೆ. ಮೇಜಿನ ಹಿಂದೆ ಇದ್ದವರು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಮೂಗಿಗೆ ನಶ್ಯವೇರಿಸುತ್ತಿದ್ದ ಗುಮಾಸ್ತರು. ನನ್ನ ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕೂಡಿ ನೋಡಿ, ಒಂದು ದೀರ್ಘವಾದ ಸೀನನ್ನು ಸೀನಿ, “ಯಜಮಾನರೇ, ಒಂಬತ್ತು ರೂಪಾಯಿ ಕಮ್ಮಿ ಕಟ್ಟಿದ್ದೀರಿ” ಎಂದು ಕೈ ಚಾಚಿದರು.

ನಾನು ಹತ್ತರ ನೋಟು ಕೊಟ್ಟೆನು. ಚಿಲ್ಲರೆಯಿಲ್ಲವೆಂದು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ನೋಟು ಮುರಿಸಿ ತರುವಂತೆ ಹೇಳಿದರು.