ಕ್ಯಾಲ್ಸಿಟೋನಿನ್ ಮೀಮಾಂಸೆ

ಮನುಷ್ಯದೇಹದ ಸುಮಾರು 1 ಕೆ.ಜಿ. ಕ್ಯಾಲ್ಸಿಯಂನಲ್ಲಿ ಶೇ. 99 ಎಲುಬು ಹಲ್ಲುಗಳ ಸ್ಥಿರಾಸ್ತಿ. ಮಿಕ್ಕ ಚಿಲ್ಲರೆ ರಕ್ತಮಾಂಸಗಳಲ್ಲಿ ಓಡಾಡುತ್ತದೆ. ಆಸ್ತಿ ವ್ಯಾಜ್ಯಗಳಲ್ಲಿ ಆಗುವಂತೆ ಜಗಳವೆಲ್ಲ ಆ ಚಿಲ್ಲರೆಯದೇ. ರಕ್ತದಲ್ಲಿ ಅದು ಇಳಿದರೆ 84 ಅಮೈನೋ ಆಮ್ಲಗಳ ಪ್ಯಾರಾಥೈರಾಯ್ಡ್ ಹಾರ್ಮೋನು ಎಲುಬಿನಿಂದ ತೆಗೆಸಿ ಕೊಡುತ್ತದೆ. ಇದರಲ್ಲಿ ಯಾರಿಗೂ ತಕರಾರಿಲ್ಲವಾದ್ದರಿಂದ ವಿದ್ವತ್ತಿಗೆ ಇಲ್ಲಿ ಅವಕಾಶವಿಲ್ಲ. ಏರಿದರೆ ಇಳಿಸುವವರು ಯಾರು? ಎಲುಬು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ತಡೆಯುವ ಕ್ಯಾಲ್ಸಿಟೋನಿನ್, ಎನ್ನುತ್ತದೆ ಪಠ್ಯಪುಸ್ತಕ. ಪರೀಕ್ಷೆ ಬರೆಯುವವರು ಇಲ್ಲಿಗೇ ಓದು ನಿಲ್ಲಿಸುವುದು ಕ್ಷೇಮ.

ಮೊದಲು ಕುಲವಿಚಾರ. 1960ರ ದಶಕದ ಆರಂಭದಲ್ಲಿ ವ್ಯಾಂಕೂವರ್‌ನ ಹೆರಾಲ್ಡ್ ಕಾಪ್ ಇದನ್ನು ಕಂಡುಹಿಡಿದು ಪ್ಯಾರಾಥೈರಾಯ್ಡ್ ಗೋತ್ರಕ್ಕೆ ಸೇರಿಸಿದರು. 1964ರಲ್ಲಿ ಲಂಡನ್ನಿನ ಮ್ಯಾಕಿಂಟೈರ್ ಬಳಗದ ಮೇಕೆಗಳು ಥೈರಾಯ್ಡ್ ಪರವಾಗಿ ಸಾಕ್ಷಿ ನುಡಿದವು. ಗೋತ್ರ ಬದಲಾಯಿತು.

ಈಗ ಪೂರ್ವಪಕ್ಷ. ಕಾರಣವಿದ್ದರೆ ಕಾರ್ಯ, ಇಲ್ಲದಿದ್ದರೆ ಇಲ್ಲ: ಇದು ಅನ್ವಯ-ವ್ಯತಿರೇಕ. ಥೈರಾಯ್ಡ್ ಪೂರ್ತಿ ತೆಗೆಸಿಕೊಂಡವರಲ್ಲಿ, ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗದಿದ್ದರೆ, ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ವ್ಯತಿರೇಕ ಬಿತ್ತು. ಮೆಡುಲರಿ ಥೈರಾಯ್ಡ್ ಕ್ಯಾನ್ಸರಿನಲ್ಲಿ ಕ್ಯಾಲ್ಸಿಟೋನಿನ್ ಉಕ್ಕಿ ಹರಿದರೂ ಕ್ಯಾಲ್ಸಿಯಂ ಸಾಮಾನ್ಯವಾಗಿ ಅಲುಗುವುದಿಲ್ಲ. ಅನ್ವಯವೂ ಬಿತ್ತು. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ಸ್ಥಿತಪ್ರಜ್ಞ ಹಾರ್ಮೋನು ಇನ್ನೊಂದಿದ್ದರೆ ತೋರಿಸಲಿ.

ಮತ್ಸ್ಯವಾದಿಗಳು ಬೇರೆಯೇ ದಾರಿ ಹಿಡಿದರು. ಸಾಲ್ಮನ್ ಮೀನಿನ ಕ್ಯಾಲ್ಸಿಟೋನಿನ್ ಕೂಡ ನಮ್ಮದರಂತೆ 32 ಅಮೈನೋ ಆಮ್ಲಗಳದೇ, ಆದರೆ ನಮ್ಮ ದೇಹದಲ್ಲಿ ನಮ್ಮದಕ್ಕಿಂತ ಹಲವು ಪಟ್ಟು ಪ್ರಬಲ. ಸವೆದ ಎಲುಬಿನವರ ಮೂಗಿಗೆ ಅದನ್ನೇ ಸಿಂಪಡಿಸಲಾಯಿತು. 2000ದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 200 ಯೂನಿಟ್ ಪಡೆದವರಿಗೆ ಹೊಸದಾಗಿ ಬೆನ್ನುಮೂಳೆ ಮುರಿಯುವ ಅಪಾಯ ಶೇ. 33 ತಗ್ಗಿತು, 100ಕ್ಕೂ 400ಕ್ಕೂ ಖಚಿತ ಫಲ ಕಾಣಲಿಲ್ಲ. ಮಧ್ಯಮಮಾರ್ಗಕ್ಕೆ ಮೂಗಿನ ಮೂಲಕ ದೊರೆತ ಪ್ರಮಾಣ ಇದೊಂದೇ ಇರಬೇಕು. 2012ರಲ್ಲಿ ಯುರೋಪಿನ ಔಷಧ ನಿಯಂತ್ರಕರು, ದೀರ್ಘಕಾಲ ಬಳಸಿದರೆ ಕ್ಯಾನ್ಸರ್ ಸಂಭವ ತುಸು ಹೆಚ್ಚುತ್ತದೆಂದು ಹೇಳಿ, ಸಿಂಪಡಿಕೆಗೆ ಮಂಗಳ ಹಾಡಿದರು.

ವೇದಾಂತಿಗಳಿಗೆ ಪ್ರಿಯವಾಗುವ ಸಂಗತಿಯೊಂದಿದೆ. ಕ್ಯಾಲ್ಸಿಟೋನಿನ್ನಿನ ವಂಶವಾಹಿ ಒಂದೇ ಸೂತ್ರ, ಭಾಷ್ಯ ಎರಡು. ಥೈರಾಯ್ಡಿನ ಸಿ-ಕೋಶಗಳು ಓದಿದರೆ ಕ್ಯಾಲ್ಸಿಟೋನಿನ್. ನರಕೋಶಗಳು ಓದಿದರೆ ಸಿಜಿಆರ್‌ಪಿ, ಅಂದರೆ ಮೈಗ್ರೇನಿಗೆ ಕುಮ್ಮಕ್ಕು ಕೊಡುವ ದಾಯಾದಿ. ಭಾಷ್ಯಭೇದದಿಂದ ತಲೆನೋವು ಬರುತ್ತದೆಂಬುದಕ್ಕೆ ಪ್ರಯೋಗಾಲಯದ ಪುರಾವೆ ಬೇಕಿತ್ತೇ?

ಇನ್ನು ಸಿದ್ಧಾಂತ. ಈ ವಂಶವಾಹಿಯನ್ನೇ ಕಿತ್ತುಹಾಕಿದ ಇಲಿಗಳ ಮೂಳೆ ಸೊರಗಲಿಲ್ಲ, ಇನ್ನಷ್ಟು ದಟ್ಟವಾಯಿತು. ಪೂರ್ವಪಕ್ಷಿ ಕುಣಿದ. ಆದರೆ ಅಂಥವೇ ಹೆಣ್ಣಿಲಿಗಳು ಮರಿಹಾಕಿ ಹಾಲೂಡಿಸುವಾಗ ಬೆನ್ನೆಲುಬಿನ ಖನಿಜಾಂಶ ಅರ್ಧಕ್ಕಿಂತ ಹೆಚ್ಚು ಹಾಲಿಗೆ ಹರಿದುಹೋಯಿತು. ಸಾಮಾನ್ಯ ತಾಯಿಲಿಗಳ ನಷ್ಟ ಅದರ ಅರ್ಧಕ್ಕೂ ಕಡಿಮೆ. ಕ್ಯಾಲ್ಸಿಟೋನಿನ್ ಹೊರಗಿನಿಂದ ಕೊಟ್ಟಾಗ ಸೋರಿಕೆ ತಗ್ಗಿತು. ಹಾಗಾದರೆ ಈ ಹಾರ್ಮೋನು ಬಾಣಂತಿಯ ಬೆನ್ನು ಕಾಯಲೆಂದೇ ನೇಮಕವಾದದ್ದು, ಇಲಿಲೋಕದಲ್ಲಂತೂ.

ಗಂಡಿಲಿಗೆ ಇದೇಕೆ ಎಂದು ಪೂರ್ವಪಕ್ಷಿ ಮತ್ತೆ ಎದ್ದು ನಿಂತಿದ್ದಾನೆ. ಊಟದ ಹೊತ್ತಾದ್ದರಿಂದ ಸಭೆಯನ್ನು ಮುಂದೂಡಲಾಗಿದೆ.