ಬೆಟ್ಟ ಅಳೆಯುವ ಮೇಷ್ಟ್ರು

ಹುತ್ತೂರು ಕಡೆಯ ಡ್ರಾಯಿಂಗ್ ಮೇಷ್ಟ್ರನ್ನು ಗುರುತು ಹಿಡಿಯುವುದು ಸುಲಭ. ಅಂಗಿಯ ತೋಳಿನ ಮೇಲೆ ನೀಲಿ, ಮೀಸೆಯ ತುದಿಯಲ್ಲೂ ಒಂದಿಷ್ಟು ನೀಲಿ. ಬ್ರಶ್ಶನ್ನು ತುಟಿಗಿಟ್ಟು ಮೊನೆ ಮಾಡುವ ಚಾಳಿ ನೋಡಿ. ವಾರಕ್ಕಿರುವುದೇ ಎರಡು ಪೀರಿಯಡ್ಡು. ಅದರಲ್ಲೊಂದನ್ನು ಗಣಿತದ ಮೇಷ್ಟ್ರು ಜೂನ್‌ನಲ್ಲೇ ಕೈಸಾಲ ತಗೊಂಡಿರುತ್ತಾರೆ. ಹಾಗಾಗಿ ಅಸಲಿ ಪಾಠವೇನಿದ್ದರೂ ಭಾನುವಾರ, ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಹೋಗಿ, ಅಂತರಗಂಗೆ ಬೆಟ್ಟದ ಬುಡದಲ್ಲಿ.

ಮಕ್ಕಳಿಗೆ ಬೆಟ್ಟವೆಂದರೆ ಎರಡು ತ್ರಿಕೋನ, ನಡುವೆ ಸೂರ್ಯ, ಕೆಳಗೊಂದು ನದಿ. "ನಮ್ಮೂರಲ್ಲಿ ನದಿ ಎಲ್ಲಿ ಕಂಡ್ಯೋ?" ಎಂದು ಮೇಷ್ಟ್ರು ಮೊದಲು ನದಿಯನ್ನು ಅಳಿಸುತ್ತಾರೆ, ಆಮೇಲೆ ತ್ರಿಕೋನ. ಈ ಬೆಟ್ಟಸಾಲಿಗೆ ಶತಶೃಂಗವೆಂದು ಹೆಸರೇನೋ ದೊಡ್ಡದು. ಕಣ್ಣಿಗೆ ಬೀಳುವುದು ಯಾರೋ ಲಾರಿಯಿಂದ ಸುರಿದು ಹೋದಂಥ ಗುಂಡುಗಳು. ಮೇಷ್ಟ್ರಿಗೆ ಅವೇ ಬೇಕು.

"ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅದು ಗಾದೆ ಅಲ್ಲ ಕಣ್ರೋ, ವಾಟರ್ ಕಲರ್ ಪಾಠ! ದೂರದ್ದಕ್ಕೆ ನೀರು ಜಾಸ್ತಿ, ತೆಳು ನೀಲಿ. ಹತ್ತಿರದ ಗುಂಡಿಗೆ ಬಣ್ಣ ಗಟ್ಟಿ."

ಒಂದೊಂದೇ ಎಲೆ ಬಿಡಿಸುತ್ತ ಕೂತ ಹುಡುಗಿಗೆ: "ಎಲೆ ಎಣಿಸಬೇಡಮ್ಮ, ನೆರಳು ಬರಿ. ಕೊಂಬೆ ಸಂದಿಯಲ್ಲಿ ಆಕಾಶಕ್ಕೆ ಕಿಂಡಿ ಬಿಡು, ಹಕ್ಕಿ ಎಲ್ಲಿಂದ ಹಾರಬೇಕು?" ನೀಲಗಿರಿ ಮರ ಬರೆದವರಿಗೆ ಮಾರ್ಕ್ಸಿಲ್ಲ. ಪೊರಕೆ ನಿಲ್ಲಿಸಿದ್ದಕ್ಕೆಲ್ಲ ಏನು ಮಾರ್ಕ್ಸು ಎಂಬುದು ಅವರ ವಾದ. ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪನವರ (1886–1965) ಹೆಸರು ಎತ್ತಿದರೆ ಚಪ್ಪಲಿ ಬಿಟ್ಟು ನಿಂತು ಮಾತಾಡುತ್ತಾರೆ. ಬಂಡೆ ಕಾದಿದ್ದ ದಿನ ಮಾತು ಬೇಗ ಮುಗಿಯುತ್ತದೆ.

ಫಜೀತಿಯೆಲ್ಲ ಅಳತೆಯದ್ದು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್ಲು ನೆಟ್ಟಗೆ ಹಿಡಿದು ಬೆಟ್ಟ ಅಳೆಯುತ್ತಿದ್ದರೆ ನೋಡುವವರು ಏನಂದುಕೊಳ್ಳಬೇಕು? ಕುರಿ ಮೇಯಿಸುವ ಅಜ್ಜಿ ಒಮ್ಮೆ "ಕ್ವಾರೀಕಾ ಸಾಮೀ?" ಎಂದು ತೆಲುಗಿನಲ್ಲೇ ವಿಚಾರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅಣ್ಣತಮ್ಮಂದಿರಿಬ್ಬರು ಪಹಣಿ ಹಿಡಿದು ಓಡಿ ಬಂದರು. ಇಬ್ಬರ ಬದುವಿನ ಮೇಲೆ ಒಂದು ಹುಣಸೆ ಮರ.

"ನಾನು ಸರ್ವೆಯವನಲ್ಲಪ್ಪ, ಡ್ರಾಯಿಂಗ್ ಮೇಷ್ಟ್ರು" ಎಂದು ಹಾಳೆ ತೋರಿಸಿದ್ದೇ ತಪ್ಪಾಯಿತು. ಮರ ನಟ್ಟನಡುವೆ ನಿಂತರೆ ಚಿತ್ರ ಕೆಡುತ್ತದೆಂದು ಅದನ್ನು ನಾಲ್ಕು ಬೆರಳು ಎಡಕ್ಕೆ ಸರಿಸಿ ಬರೆದಿದ್ದರು. ಎಡಕ್ಕಿರುವುದು ಅಣ್ಣನ ಹೊಲ.

"ನೋಡ್ದೇನೋ, ಮೇಷ್ಟ್ರೇ ಬರ್ದವ್ರೆ!" ಎಂದ ಅಣ್ಣ.

ತಮ್ಮ ಹಾಳೆಯನ್ನು ಕಿತ್ತುಕೊಂಡು ಹಿಂದುಮುಂದು ತಿರುವಿ ನೋಡಿದ. "ಸೀಲು ಎಲ್ಲೈತೆ ಇದ್ಕೆ?"