ವಾಯಿದೆ ರದ್ದಾಗಲಿ, ನನ್ನದೊಂದು ಬಿಟ್ಟು

ವಕೀಲರಿಗೆ ಸಂಘವಿದೆ, ನ್ಯಾಯಾಂಗ ನೌಕರರಿಗೆ ಸಂಘವಿದೆ. ಇಷ್ಟೂ ಜನರಿಗಾಗಿ ಜೇಬು ಬಿಚ್ಚುವ ಕಕ್ಷಿದಾರನಿಗೆ ಮಾತ್ರ ಒಂದು ಬೋರ್ಡು, ಒಂದು ಸೀಲು, ಒಂದು ಲೆಟರ್‌ಹೆಡ್ಡು ಇಲ್ಲ. ಸಿವಿಲ್ ಕಾನೂನು ಸುಧಾರಿಸಲಿ ಎಂಬ ಕೂಗು ಕೋರ್ಟಿನೆದುರಿನ ಟೀ ಅಂಗಡಿ ದಾಟಿ ವಿಧಾನಸೌಧ ಮುಟ್ಟದಿರುವುದಕ್ಕೆ ಇದೇ ಕಾರಣ ಅನ್ನುವವರಿದ್ದಾರೆ. ಸರಿ, ಒಂದು ತಾಲ್ಲೂಕಿನ ಕಕ್ಷಿದಾರರನ್ನೆಲ್ಲ ಭಾನುವಾರ ಒಂದೆಡೆ ಸೇರಿಸಿದೆವು ಅಂತಲೇ ಇಟ್ಟುಕೊಳ್ಳಿ.

ಅಧ್ಯಕ್ಷಸ್ಥಾನ ಗೌಡರಿಗೇ ಸಲ್ಲಬೇಕು. ಅಪ್ಪ ಹಾಕಿದ ಪಾಲಿನ ದಾವೆಯನ್ನು ಮುಂದುವರಿಸಿಕೊಂಡು ಬಂದು, ಮೊಮ್ಮಗನಿಗೂ ಕೇಸ್ ನಂಬರು ಬಾಯಿಪಾಠ ಮಾಡಿಸಿರುವ ಹಿರಿಯರು. ಮೊದಲ ನಿರ್ಣಯವೂ ಅವರದೇ: "ಈ ವಾಯಿದೆ ಕೊಡೋ ಪದ್ಧತಿ ಇವತ್ತಿಗೇ ರದ್ದಾಗ್ಬೇಕು." ಭಾರೀ ಚಪ್ಪಾಳೆ.

ನಿವೃತ್ತ ಮೇಷ್ಟ್ರೊಬ್ಬರು ಎದ್ದರು. "ಗೌಡ್ರೇ, ಪಾಲು ಕೊಡಿ ಅಂತ ನಿಮ್ಮ ತಂಗಿ ನಿಮ್ಮ ಮೇಲೆ ಹಾಕಿದ್ದಾರಲ್ಲ, ಆ ಕೇಸಿಗೂ ಇದು ಅನ್ವಯವೋ?"

"ಅದು ಬೇರೆ ಮೇಷ್ಟ್ರೇ. ಅಲ್ಲಿ ನಾನು ಪ್ರತಿವಾದಿ."

ಮೇಷ್ಟ್ರೂ ಕಮ್ಮಿಯೇನಲ್ಲ. ಬಾಡಿಗೆದಾರ ಮನೆ ಬಿಡುತ್ತಿಲ್ಲವೆಂದು ಒಂದು ಕೋರ್ಟಿನಲ್ಲಿ ಕಣ್ಣೀರಿಡುವ ಅವರೇ, ಪುರಸಭೆಯ ಓಣಿ ನುಂಗಿ ಎಬ್ಬಿಸಿದ ಕಾಂಪೌಂಡಿಗೆ ಪಕ್ಕದ ಕೋರ್ಟಿನಿಂದ ತಡೆಯಾಜ್ಞೆ ತಂದುಕೊಂಡು ಹಾಯಾಗಿದ್ದಾರೆ. ಆಟೋ ಚಾಲಕರ ಸಂಘ ಕಟ್ಟಬಹುದು, ಹಾಲು ಉತ್ಪಾದಕರ ಸಂಘ ಕಟ್ಟಬಹುದು. ಕಕ್ಷಿದಾರರ ಸಂಘ ಕಟ್ಟಿದರೆ ಅರ್ಧ ಸದಸ್ಯರು ಇನ್ನರ್ಧ ಸದಸ್ಯರಿಗೆ ಎದುರುಪಾರ್ಟಿ!

ಹಾಗಂತ ಕಾನೂನು ಮಲಗಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999ರಲ್ಲಿ ತಿದ್ದುಪಡಿ ತಂದು, ಒಬ್ಬ ಕಕ್ಷಿದಾರನಿಗೆ ಮೂರೇ ವಾಯಿದೆ ಎಂದು ಬರೆದರು. ವಕೀಲರು ಬೀದಿಗಿಳಿದರು. ಅಷ್ಟಿಷ್ಟು ಮೆತ್ತಗಾಗಿ ಅದು 2002ರ ಜುಲೈನಲ್ಲಿ ಜಾರಿಗೆ ಬಂತು: ವಾಯಿದೆ ಮೂರು, ಪ್ರತಿವಾದಿಯ ಲಿಖಿತ ಹೇಳಿಕೆಗೆ 30 ದಿನ, ಎಳೆದರೆ 90. ಆ ಮಿತಿಗಳನ್ನೂ ಅಸಾಧಾರಣ ಸಂದರ್ಭದಲ್ಲಿ ಸಡಿಲಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ಸಾಧಾರಣ ಸಂದರ್ಭ ಎಂಬುದೇ ನಮ್ಮಲ್ಲಿ ಉಳಿದಿಲ್ಲ. ವಕೀಲರಿಗೆ ಜ್ವರ, ಸಾಕ್ಷಿಯ ಮನೆಯಲ್ಲಿ ಮದುವೆ, ಅಮೀನನಿಗೆ ಪ್ರತಿವಾದಿಯ ಮನೆಯೇ ಸಿಗಲಿಲ್ಲ. ಒಂದಕ್ಕಿಂತ ಒಂದು ಅಸಾಧಾರಣ.

ರಾಜ್ಯ ಸರ್ಕಾರವೂ ಕೈಕಟ್ಟಿ ಕೂತಿಲ್ಲ. ಈ ವಿಷಯ ಸಮವರ್ತಿ ಪಟ್ಟಿಯದಾದ್ದರಿಂದ ರಾಷ್ಟ್ರಪತಿಗಳವರೆಗೆ ಕಡತ ಕಳಿಸಿ, ಸಣ್ಣ ರೈತರು ಮತ್ತು ಬಡವರ ದಾವೆಗಳಿಗೆ ಆದ್ಯತೆ, ಆರು ತಿಂಗಳಲ್ಲಿ ತೀರ್ಮಾನ ಎಂಬ ತಿದ್ದುಪಡಿ ತಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಪಾಲಿನ ದಾವೆಯಲ್ಲಿ ಅಣ್ಣನೂ ಸಣ್ಣ ರೈತ, ತಮ್ಮನೂ ಸಣ್ಣ ರೈತ. ಅವಸರದಲ್ಲಿರುವವನು ಒಬ್ಬನೇ.

ಇಷ್ಟಾಗಿಯೂ ಒಬ್ಬ ಗೆದ್ದ ಅನ್ನಿ. ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲಿಗೂ ಹೇಗೋ ತಲುಪಿರಬೇಕು. ಭಾರತದಲ್ಲಿ ದಾವೆ ಹೂಡಿದವನ ಕಷ್ಟ ಶುರುವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂದು ಲಂಡನ್ನಿನಲ್ಲಿ ಕೂತ ಅದು 1872ರಲ್ಲೇ ಕಂಡುಕೊಂಡಿತ್ತು. ಡಿಕ್ರಿ ಜಾರಿಯ ಅರ್ಜಿ ಆರು ತಿಂಗಳಲ್ಲಿ ಮುಗಿಯಲಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು, ಅದೂ ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ. ಎಷ್ಟು ಮುಗಿದಿವೆ ನೋಡೋಣ ಎಂದು 2025ರಲ್ಲಿ ಎಲ್ಲ ಹೈಕೋರ್ಟುಗಳಿಂದ ಲೆಕ್ಕ ತರಿಸಿದರೆ, ದೇಶದಲ್ಲಿ 8.82 ಲಕ್ಷ ಜಾರಿ ಅರ್ಜಿಗಳು ಬಾಕಿ. ಇದರಲ್ಲಿ ಕರ್ನಾಟಕದ್ದೆಷ್ಟು? ನಮ್ಮ ಹೈಕೋರ್ಟ್ ಲೆಕ್ಕವನ್ನೇ ಕೊಟ್ಟಿರಲಿಲ್ಲ. ಸುಪ್ರೀಂ ಕೋರ್ಟ್ ಮತ್ತೊಮ್ಮೆ ನೆನಪಿಸಿ ಕೇಳಬೇಕಾಯಿತು. ವಾಯಿದೆ ಬಡ ಕಕ್ಷಿದಾರನಿಗಷ್ಟೇ ಸಿಗುವ ಸವಲತ್ತಲ್ಲ.

ಇತ್ತ ಸಭೆಯಲ್ಲಿ ಎರಡು ಸುತ್ತು ಕಾಫಿ ಮುಗಿದು ನಿರ್ಣಯ ಹದಕ್ಕೆ ಬಂತು: ವಾಯಿದೆ ಪದ್ಧತಿ ರದ್ದಾಗತಕ್ಕದ್ದು, ಸದರಿ ಸುಧಾರಣೆ ಈಗಾಗಲೇ ನಡೆಯುತ್ತಿರುವ ದಾವೆಗಳಿಗೆ ಅನ್ವಯಿಸತಕ್ಕದ್ದಲ್ಲ. ಸರ್ವಾನುಮತ. ತಂಗಿಯೊಬ್ಬಳನ್ನು ಬಿಟ್ಟು, ಅವಳನ್ನು ಸಭೆಗೆ ಕರೆದಿರಲಿಲ್ಲ.

ಕಾನೂನು ಮಂತ್ರಿಗಳಿಗೆ ಮನವಿ ಕೊಡಲು ಮಂಗಳವಾರ ಬೆಂಗಳೂರಿಗೆ ಹೋಗೋಣವೆಂದರೆ ಗೌಡರಿಗೆ ಅವತ್ತೇ ತಂಗಿಯ ಕೇಸು.

"ಒಂದ್ ಸಲ ತಪ್ಪಿಸ್ಕೊಂಡ್ರೆ ಏನಾಗುತ್ತೆ ಗೌಡ್ರೇ?"

"ಅಯ್ಯೋ, ನಾನು ಹೋಗಿ ಲಾಯರ್ ಕೈಗೆ ಫೀಸ್ ಇಡ್ದೇ ಇದ್ರೆ ವಾಯಿದೆ ಕೇಳೋರ್ಯಾರು?"